ನಿಂತಲ್ಲೇ ಬೀಳುವ ಬೈಕು: ಎತ್ತುವುದು ಹೇಗೆ, ಎತ್ತಿದ ಮೇಲೆ ನೋಡಬೇಕಾದದ್ದೇನು?

ಪ್ರಶ್ನೆ: ಮೂಡಿಗೆರೆ ಗಣಿತ ಟೀಚರ್

ಎಲ್ಲರಿಗೂ ನಮಸ್ಕಾರ. ಈ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಬೈಕು ಮೂರು ಸಲ ಬಿದ್ದಿದೆ. ಮೂರು ಸಲವೂ ಓಡುವಾಗಲ್ಲ, ನಿಂತಿರುವಾಗ ಅಥವಾ ನಿಲ್ಲುವ ಕೊನೆಯ ಗಳಿಗೆಯಲ್ಲಿ. ಬಿದ್ದದ್ದರಿಂದ ಆದ ನಷ್ಟ ಕಡಿಮೆ, ಬಿದ್ದ ಮೇಲೆ ನಾನು ಮಾಡಿದ ಆತುರದಿಂದ ಆದದ್ದೇ ಹೆಚ್ಚು. ಅದಕ್ಕೇ ನಡೆದದ್ದನ್ನೆಲ್ಲ ಬಿಡಿಸಿ ಬರೆಯುತ್ತಿದ್ದೇನೆ. ತಿಳಿದವರು ದಾರಿ ಹೇಳಬೇಕು.

ನನಗೆ 41 ವರ್ಷ, ಎತ್ತರ ಐದು ಅಡಿ ಎರಡು ಅಂಗುಲ. ಬೈಕು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411, ಎರಡು ವರ್ಷದ ಹಿಂದೆ ಪರಿಚಯದವರಿಂದ ಕೊಂಡದ್ದು. ಸೀಟು ನೆಲದಿಂದ 800 ಮಿಲಿಮೀಟರ್, ಪೆಟ್ರೋಲ್ ಸೇರಿ ತೂಕ ಸುಮಾರು 200 ಕಿಲೋ. ಎರಡೂ ಕಾಲು ಇಳಿಬಿಟ್ಟರೆ ನನಗೆ ನೆಲ ಸಿಗುವುದು ಬೆರಳ ತುದಿಗೆ ಮಾತ್ರ. ಓಡುವಾಗ ಅದರ ಭಾರ ತಿಳಿಯುವುದೇ ಇಲ್ಲ. ನಿಂತಾಗ ಅದು ಒಂದು ಕಡೆಗೆ ವಾಲತೊಡಗಿತೆಂದರೆ, ಒಂದು ಹಂತದವರೆಗೆ ಹಿಡಿಯಬಹುದು; ಅದರಾಚೆ ಯಾರಿಂದಲೂ ಆಗದು.

ಮೊದಲನೆಯದು ಶಾಲೆಯ ಗೇಟಿನ ಒಳಗೆ. ಅಂಗಳಕ್ಕೆ ಜಂಬಿಟ್ಟಿಗೆ ಹಾಸಿದ್ದಾರೆ, ಮಳೆಗೆ ಪಾಚಿ ಹಿಡಿದಿತ್ತು. ನಡೆಯುವ ವೇಗದಲ್ಲಿ ಬಲಕ್ಕೆ ತಿರುಗುತ್ತಿದ್ದಾಗ ಚಿಕ್ಕ ಹುಡುಗನೊಬ್ಬ ಚೆಂಡಿನ ಹಿಂದೆ ಅಡ್ಡ ಓಡಿ ಬಂದ. ಹ್ಯಾಂಡಲ್ ತಿರುಗಿಸಿಕೊಂಡೇ ಮುಂದಿನ ಬ್ರೇಕ್ ಹಿಡಿದೆ. ಬೈಕು ಬಲಕ್ಕೆ ಮಲಗಿತು. ಹತ್ತನೇ ತರಗತಿಯ ನಾಲ್ವರು ಹುಡುಗರು ಓಡಿ ಬಂದು ಎತ್ತಿ ನಿಲ್ಲಿಸಿದರು. ಇಂಡಿಕೇಟರ್ ಒಡೆದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಎರಡನೆಯದು ಜುಲೈನಲ್ಲಿ. ವಿದ್ಯಾರ್ಥಿನಿಯೊಬ್ಬಳ ತಂದೆಯನ್ನು ಕಾಣಲು ಕಾಫಿ ತೋಟದ ಲೈನ್ ಮನೆಗೆ ಹೋಗಿದ್ದೆ. ರಸ್ತೆಯ ಪಕ್ಕದ ಹಸಿ ಮಣ್ಣಿನಲ್ಲಿ ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದೆ. ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ ಸ್ಟ್ಯಾಂಡ್ ಮಣ್ಣಿನಲ್ಲಿ ಹೂತುಹೋಗಿ ಬೈಕು ಎಡಕ್ಕೆ, ಚರಂಡಿಯ ಅಂಚಿಗೆ ಬಿದ್ದಿತ್ತು. ಮಳೆ ಸುರಿಯುತ್ತಿತ್ತು. ತೋಟದ ಕೆಲಸದವರು ನೋಡುತ್ತಿದ್ದಾರೆ ಎಂಬುದೊಂದೇ ಮನಸ್ಸಿನಲ್ಲಿದ್ದದ್ದು. ಅವರು ಬರುವ ಮೊದಲೇ ಬಗ್ಗಿ, ಹ್ಯಾಂಡಲ್ ಹಿಡಿದು, ಒಂದೇ ಉಸಿರಿಗೆ ಎಳೆದೆ. ಬೈಕು ಎದ್ದಿತು, ಆದರೆ ಸೊಂಟದಲ್ಲಿ ಏನೋ ಕಿತ್ತಂತಾಯಿತು. ಎಂಟು ದಿನ ಹಾಸಿಗೆಯಲ್ಲಿದ್ದೆ. ಆಗಿನ ನೋವು ಈಗಲೂ ಬೆಳಿಗ್ಗೆ ಏಳುವಾಗ ತಿಳಿಯುತ್ತದೆ.

ಮೂರನೆಯದು ಚಾರ್ಮಾಡಿ ಘಾಟಿಯಲ್ಲಿ. ಉಜಿರೆಯಲ್ಲಿರುವ ಅಮ್ಮನ ಮನೆಗೆ ಹೊರಟಿದ್ದೆ. ಕೊಟ್ಟಿಗೆಹಾರ ದಾಟಿ, ಅಣ್ಣಪ್ಪ ಸ್ವಾಮಿ ಗುಡಿಗೆ ಕೈ ಮುಗಿದು ಇಳಿಯುತ್ತಿದ್ದೆ. ಬಲಕ್ಕೆ ತಿರುಗುವ ಒಂದು ಹೇರ್‌ಪಿನ್ ತಿರುವಿನ ನಡುಮಧ್ಯದಲ್ಲಿದ್ದಾಗ ಕೆಳಗಿನಿಂದ ಬಸ್ಸು ಬಂತು. ಪೂರ್ತಿ ರಸ್ತೆ ಅದಕ್ಕೇ ಬೇಕಿತ್ತು. ನಿಂತೆ. ಬಲಗಾಲು ಇಳಿಬಿಟ್ಟೆ, ಆದರೆ ತಿರುವಿನ ಒಳಬದಿಯಲ್ಲಿ ರಸ್ತೆ ತಗ್ಗು. ಕಾಲಿಗೆ ನೆಲವೇ ಸಿಗಲಿಲ್ಲ. ನನಗೆ ಚೆನ್ನಾಗಿ ನೆನಪಿದೆ, ಪಾದ ಗಾಳಿಯಲ್ಲಿ ಹುಡುಕಾಡಿದ್ದು. ಲೆಗ್ ಗಾರ್ಡ್ ಇದ್ದದ್ದರಿಂದ ಕಾಲು ಸಿಕ್ಕಿಕೊಳ್ಳಲಿಲ್ಲ. ಬಸ್ಸಿನ ಕಂಡಕ್ಟರ್ ಮತ್ತು ಇಬ್ಬರು ಪ್ರಯಾಣಿಕರು ಇಳಿದು ಬಂದು ಎತ್ತಿಕೊಟ್ಟರು. ಹಿಂದೆ ನಾಲ್ಕೈದು ವಾಹನ ನಿಂತು ಹಾರ್ನ್ ಹೊಡೆಯುತ್ತಿದ್ದವು. ಏನನ್ನೂ ನೋಡದೆ ಸ್ಟಾರ್ಟ್ ಮಾಡಿ ಹೊರಟುಬಿಟ್ಟೆ.

ಎರಡು ತಿರುವು ಇಳಿದಿರಬೇಕು. ಹಿಂದಿನ ಜೀಪಿನವರು ಒಂದೇ ಸಮ ಹಾರ್ನ್ ಹೊಡೆದು ಲೈಟ್ ಹಾಕುತ್ತಿದ್ದರು. ಅವಸರದವರು ಎಂದುಕೊಂಡು ದಾರಿ ಬಿಟ್ಟೆ. ಪಕ್ಕಕ್ಕೆ ಬಂದ ಚಾಲಕ ಕೂಗಿ ಹೇಳಿದರು, “ನಿಮ್ಮ ಬ್ರೇಕ್ ಲೈಟ್ ಆರುತ್ತಲೇ ಇಲ್ಲ, ಹಿಂದಿನ ಚಕ್ರದಿಂದ ಹೊಗೆ ಬರುತ್ತಿದೆ.” ಅಷ್ಟರಲ್ಲಿ ಸುಟ್ಟ ವಾಸನೆ ನನಗೂ ಬಂತು. ಹಿಂದಿನ ಬ್ರೇಕ್ ಒತ್ತಿದರೆ ಪೆಡಲ್ ಹತ್ತಿಯ ಮೇಲೆ ಕಾಲಿಟ್ಟ ಹಾಗೆ ಒಳಕ್ಕೆ ಹೋಯಿತು. ಮೊದಲ ಗೇರಿಗೆ ಇಳಿಸಿ, ಮುಂದಿನ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿದು, ಒಂದು ಮೋರಿಯ ಕಟ್ಟೆಯ ಬಳಿ ನಿಲ್ಲಿಸಿದೆ. ಕೈ ಅರ್ಧ ಗಂಟೆ ನಡುಗುತ್ತಿತ್ತು.

ನನ್ನ ಪ್ರಶ್ನೆಗಳು. ಒಬ್ಬಳೇ ಇದ್ದಾಗ ಸೊಂಟಕ್ಕೆ ಪೆಟ್ಟಾಗದಂತೆ ಎತ್ತುವುದು ಹೇಗೆ? ಎತ್ತಿದ ಮೇಲೆ ಹೊರಡುವ ಮುನ್ನ ಏನೇನು ನೋಡಬೇಕು? ನನ್ನಂತಹ ಎತ್ತರದವರು ಘಾಟಿಯ ತಿರುವಿನಲ್ಲಿ ನಿಲ್ಲುವುದು ಹೇಗೆ? ನಮ್ಮ ಮನೆಯವರು ಬೈಕು ಮಾರಿ ಸ್ಕೂಟರ್ ತೆಗೆದುಕೋ ಎನ್ನುತ್ತಾರೆ. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ನಾನು ಹೋಗಬೇಕಾದ ರಸ್ತೆಗಳಲ್ಲಿ ಸ್ಕೂಟರಿನ ಚಿಕ್ಕ ಚಕ್ರ ಗುಂಡಿಗೆ ಇಳಿದರೆ ಮೇಲೇಳುವುದಿಲ್ಲ. ಈ ಬೈಕಿನ 21 ಇಂಚಿನ ಮುಂದಿನ ಚಕ್ರ ಅದರ ಮೇಲೆ ಹಾದುಹೋಗುತ್ತದೆ. ಅದಲ್ಲದೆ ನನಗೆ ಈ ಬೈಕು ಇಷ್ಟ.

ಉತ್ತರ: ಹಾಸನದ ಹಳೆ ಗ್ಯಾರೇಜ್

ಟೀಚರಮ್ಮ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ನಾನು 31 ವರ್ಷ ಗ್ಯಾರೇಜ್ ನಡೆಸಿದವನು. ಕೆಲಸ ಕಲಿತದ್ದು ಮೈಸೂರಿನಲ್ಲಿ, ಅಲ್ಲಿನ ಕಾರ್ಖಾನೆಯಿಂದ ಯೆಜ್ಡಿ ಬೈಕುಗಳು ಇನ್ನೂ ಹೊರಬರುತ್ತಿದ್ದ ಕಾಲದಲ್ಲಿ. ಬಿದ್ದ ಬೈಕನ್ನು ತಳ್ಳಿಕೊಂಡು ಬಂದವರಿಗಿಂತ, ಬಿದ್ದ ಬೈಕನ್ನು ಹಾಗೇ ಓಡಿಸಿಕೊಂಡು ಹೋಗಿ ಎರಡನೇ ಸಲ ಬಿದ್ದು ಬಂದವರ ಗಾಡಿಗಳ ಕೆಲಸವೇ ನನಗೆ ದೊಡ್ಡದಾಗಿರುತ್ತಿತ್ತು. ನೀವು ಮೋರಿಯ ಹತ್ತಿರ ನಿಲ್ಲಿಸಿದ್ದು ಸರಿಯಾದ ಕೆಲಸ. ಮೊದಲ ಗೇರಿಗೆ ಇಳಿಸಿದ್ದೂ ಸರಿ.

ಆದದ್ದು ಏನೆಂದರೆ, ಬಲಕ್ಕೆ ಬಿದ್ದಾಗ ಬ್ರೇಕ್ ಪೆಡಲ್ ಒಳಕ್ಕೆ ಬಾಗಿದೆ. ಒತ್ತಿದ ಮೇಲೆ ವಾಪಸು ಬರಲು ಜಾಗವಿಲ್ಲದೆ ಅಲ್ಲೇ ತಾಗಿಕೊಂಡು ನಿಂತಿದೆ. ಪೆಡಲ್ ಮೇಲೇಳದ್ದರಿಂದ ಲೈಟ್ ಆರಿಲ್ಲ, ಬ್ರೇಕ್ ಪ್ಯಾಡ್ ಡಿಸ್ಕನ್ನು ಉಜ್ಜುತ್ತಲೇ ಇದೆ. ಉಜ್ಜಿ ಉಜ್ಜಿ ಕಾದ ಬಿಸಿ ಬ್ರೇಕ್ ಆಯಿಲ್‌ಗೆ ತಲುಪಿ ಅದು ಕುದಿದಿದೆ. ಕುದಿದರೆ ಒಳಗೆ ಗುಳ್ಳೆ ಏಳುತ್ತದೆ. ಎಣ್ಣೆಯನ್ನು ಒತ್ತಿ ಕುಗ್ಗಿಸಲಾಗದು, ಗುಳ್ಳೆಯನ್ನು ಕುಗ್ಗಿಸಬಹುದು. ನಿಮ್ಮ ಕಾಲಿಗೆ ಹತ್ತಿಯಂತೆ ತಿಳಿದದ್ದು ಆ ಗುಳ್ಳೆ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಗಾಳಿಯ ತೇವ ಹೀರಿಕೊಂಡು ಹಳತಾದಾಗ ಆ ಮಿತಿ 155ಕ್ಕೆ ಇಳಿಯಬಹುದು. ಮಲೆನಾಡಿನ ಮಳೆಯಲ್ಲಿ ಓಡುವ ಗಾಡಿಗೆ ಎರಡು ವರ್ಷಕ್ಕೊಮ್ಮೆ ಈ ಆಯಿಲ್ ಬದಲಿಸಲೇಬೇಕು. ನಿಮ್ಮದು ಒಮ್ಮೆ ಕುದಿದಿರುವುದರಿಂದ ಈಗಲೇ ಬದಲಿಸಿ. ಕಾದ ಡಿಸ್ಕಿಗೆ ನೀರು ಹಾಕಬೇಡಿ, ತಾನಾಗಿ ಆರಲಿ.

ಈಗ ಎತ್ತುವ ವಿಷಯ. ಮುಖ ಕೊಟ್ಟು ಬಗ್ಗಿ ಎತ್ತುವವರೆಲ್ಲ ಸೊಂಟ ಕಳೆದುಕೊಳ್ಳುತ್ತಾರೆ. ಬೈಕಿಗೆ ಬೆನ್ನು ಕೊಡಬೇಕು. ಬಲಕ್ಕೆ ಬಿದ್ದಿದೆ ಎಂದುಕೊಳ್ಳಿ. ಮೊದಲು ಕೀ ಆಫ್. ಗೇರ್ ಲಿವರ್ ಮೇಲ್ಗಡೆ ಇರುತ್ತದೆ, ಮೊದಲ ಗೇರಿಗೆ ಒತ್ತಿ. ಎತ್ತುವಾಗ ಗಾಡಿ ಉರುಳುವುದಿಲ್ಲ. ಸೈಡ್ ಸ್ಟ್ಯಾಂಡ್ ಕೂಡ ಮೇಲ್ಗಡೆ ಇರುತ್ತದೆ, ಅದನ್ನು ಈಗಲೇ ಹೊರಕ್ಕೆ ಎಳೆದಿಡಿ. ಇದನ್ನು ಮರೆತವರ ಬೈಕು ನೆಟ್ಟಗಾಗಿ ಇನ್ನೊಂದು ಕಡೆಗೆ ಬಿದ್ದದ್ದನ್ನು ನಾನೇ ಕಂಡಿದ್ದೇನೆ. ಹ್ಯಾಂಡಲನ್ನು ಬಿದ್ದ ಕಡೆಗೆ, ಅಂದರೆ ಬಲಕ್ಕೆ, ಪೂರ್ತಿ ತಿರುಗಿಸಿ. ಆಗ ಕೆಳಗಿನ ಹಿಡಿ ಟ್ಯಾಂಕಿನ ಹತ್ತಿರಕ್ಕೆ ಬರುತ್ತದೆ. ಸೀಟಿನ ಅಂಚಿಗೆ ಕುಳಿತವರಂತೆ ಬೆನ್ನು ಮತ್ತು ನಿತಂಬವನ್ನು ತಾಗಿಸಿ ಕುಕ್ಕರಗಾಲಿನಲ್ಲಿ ಕೂರಿ. ಎಡಗೈಯಲ್ಲಿ ಹ್ಯಾಂಡಲಿನ ಹಿಡಿ, ಬಲಗೈಯಲ್ಲಿ ಹಿಂದಿನ ಕ್ಯಾರಿಯರ್ ಅಥವಾ ಚಾಸಿಯ ಗಟ್ಟಿ ಭಾಗ. ಎರಡೂ ಕೈ ನೆಟ್ಟಗಿರಲಿ, ಕೈಯಿಂದ ಎಳೆಯಬೇಡಿ. ಕಾಲಿನಿಂದ ನೆಲ ಒತ್ತಿ, ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಹಿಂದಕ್ಕೆ ನಡೆಯಿರಿ. ಬೈಕು ನಿಮ್ಮ ಬೆನ್ನ ಮೇಲೆ ಏರಿದಂತೆ ಏಳುತ್ತದೆ. ಅರ್ಧ ಎದ್ದ ಮೇಲೆ ಭಾರ ಕಡಿಮೆಯಾಗುತ್ತದೆ, ಅಲ್ಲಿ ನಿಧಾನಿಸಿ, ಸ್ಟ್ಯಾಂಡಿನ ಕಡೆಗೆ ಒರಗಿಸಿ.

ಎಡಕ್ಕೆ ಬಿದ್ದರೆ ಗೇರ್ ಲಿವರ್, ಸ್ಟ್ಯಾಂಡ್ ಎರಡೂ ಅಡಿಯಲ್ಲಿರುತ್ತವೆ. ಆಗ ಒಂದು ಬಟ್ಟೆಯ ಪಟ್ಟಿಯಿಂದ ಮುಂದಿನ ಬ್ರೇಕ್ ಲಿವರ್ ಬಿಗಿದು ಕಟ್ಟಿ, ಆಮೇಲೆ ಎತ್ತಿ. ಕೈ ಕೂಡ ಅದಲುಬದಲು. ಇಳಿಜಾರಿನಲ್ಲಿ ಚಕ್ರ ಮೇಲ್ಗಡೆ, ಸೀಟು ಕೆಳಗಡೆ ಇರುವ ಹಾಗೆ ಬಿದ್ದಿದ್ದರೆ ಒಬ್ಬರು ಎತ್ತುವ ಮಾತೇ ಇಲ್ಲ. ಮೊದಲು ಮಲಗಿದ ಬೈಕನ್ನೇ ಲೆಗ್ ಗಾರ್ಡಿನ ಮೇಲೆ ತಿರುಗಿಸಿ ಚಕ್ರ ಕೆಳಗಾಗುವಂತೆ ಮಾಡಬೇಕು, ಇಲ್ಲವೇ ಜನ ಬರುವವರೆಗೆ ಕಾಯಬೇಕು. ಬಣ್ಣ ಕೆರೆದರೆ ಕೆರೆಯಲಿ.

ಎತ್ತುವುದಕ್ಕೂ ಮೊದಲು ಇನ್ನೊಂದು ಕೆಲಸವಿದೆ. ಘಾಟಿಯ ತಿರುವಿನಲ್ಲಿ ಬಿದ್ದರೆ ಮೇಲಿನಿಂದ ಬರುವವರಿಗೆ ನೀವು ಕಾಣುವುದಿಲ್ಲ. ಲಾರಿಯವರು ಗಾಡಿ ಕೆಟ್ಟಾಗ ಮಾಡುವಂತೆ ಒಂದು ಸೊಪ್ಪಿನ ಕೊಂಬೆ ಮುರಿದು ತಿರುವಿನ ಆಚೆ ರಸ್ತೆಯಂಚಿಗೆ ಹಾಕಿ, ಅಥವಾ ಯಾರನ್ನಾದರೂ ಅಲ್ಲಿ ನಿಲ್ಲಿಸಿ. ಹೊರಡುವಾಗ ಆ ಕೊಂಬೆಯನ್ನು ತೆಗೆದು ಬದಿಗೆ ಎಸೆಯಿರಿ, ಇನ್ನೊಬ್ಬರ ಚಕ್ರ ಅದರ ಮೇಲೆ ಜಾರಬಾರದು.

ಎದ್ದ ಮೇಲೆ ಸ್ಟಾರ್ಟ್ ಮಾಡುವ ಮೊದಲು ಎಕ್ಸಲರೇಟರ್ ತಿರುಗಿಸಿ ಬಿಡಿ. ಟಕ್ ಎಂದು ವಾಪಸು ಬರಬೇಕು. ಬಲಕ್ಕೆ ಬಿದ್ದಾಗ ಹಿಡಿಯ ರಬ್ಬರ್ ಒಳಕ್ಕೆ ನೂಕಿಕೊಂಡು ತಿರುಗಿದಲ್ಲೇ ಸಿಕ್ಕಿಕೊಳ್ಳುತ್ತದೆ. ಅದನ್ನು ನೋಡದೆ ಗೇರಿಗೆ ಹಾಕಿದವರ ಕಥೆ ನನಗೆ ಹೇಳಲು ಇಷ್ಟವಿಲ್ಲ. ಆಮೇಲೆ ಎರಡು ಬ್ರೇಕೂ ಒತ್ತಿ, ಬಿಟ್ಟು, ಬೈಕನ್ನು ನ್ಯೂಟ್ರಲ್‌ನಲ್ಲಿ ಒಂದು ಮಾರು ತಳ್ಳಿ ನೋಡಿ. ಚಕ್ರ ಹಗುರವಾಗಿ ಉರುಳಿದರೆ ಬ್ರೇಕ್ ಬಿಟ್ಟಿದೆ ಎಂದರ್ಥ. ಇಷ್ಟು ಮಾಡಿದ್ದರೆ ಚಾರ್ಮಾಡಿಯಲ್ಲಿ ನಿಮಗೆ ಅಲ್ಲೇ ತಿಳಿಯುತ್ತಿತ್ತು. ಹ್ಯಾಂಡಲ್ ನೆಟ್ಟಗಿಟ್ಟಾಗ ಮುಂದಿನ ಚಕ್ರವೂ ನೆಟ್ಟಗಿದೆಯೇ, ಗೇರ್ ಲಿವರ್ ಬೂಟಿಗೆ ಸಿಗುತ್ತದೆಯೇ, ಎಂಜಿನ್ ಅಡಿಯಲ್ಲಿ ಎಣ್ಣೆ ತೊಟ್ಟಿಕ್ಕುತ್ತಿದೆಯೇ ನೋಡಿ. ಪೆಟ್ರೋಲ್ ಇಂಜೆಕ್ಷನ್ ಇರುವ ಬೈಕುಗಳಲ್ಲಿ ಬಹುಪಾಲು ಬಿದ್ದ ತಕ್ಷಣ ಎಂಜಿನ್ ನಿಲ್ಲಿಸುವ ಸೆನ್ಸರ್ ಇರುತ್ತದೆ. ಸ್ಟಾರ್ಟ್ ಆಗದಿದ್ದರೆ ಗಾಬರಿಯಾಗದೆ ಕೀ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಬಹಳ ಹೊತ್ತು ಮಲಗಿದ್ದರೆ ಎಣ್ಣೆ ಏರ್ ಫಿಲ್ಟರ್ ಕಡೆಗೆ ಹರಿದು, ಸ್ಟಾರ್ಟ್ ಆದಾಗ ಸ್ವಲ್ಪ ಹೊತ್ತು ಹೊಗೆ ಬರುತ್ತದೆ.

ಬಾಗಿದ ಲಿವರನ್ನು ನೆಟ್ಟಗೆ ಮಾಡಲು ಹೋಗಬೇಡಿ. ಅದು ಅಲ್ಯೂಮಿನಿಯಂ, ಎರಡನೇ ಸಲ ಬಾಗಿಸಿದರೆ ಒಳಗೊಳಗೇ ಬಿರುಕು ಬಿಡುತ್ತದೆ. ಒಂದು ಕ್ಲಚ್ ಲಿವರ್, ಒಂದು ಬ್ರೇಕ್ ಲಿವರ್ ಸೀಟಿನಡಿ ಇಟ್ಟುಕೊಳ್ಳಿ. ಲಿವರ್ ಕೂತಿರುವ ಕ್ಲ್ಯಾಂಪನ್ನು ಬಲವಾಗಿ ತಿರುಗಿಸಿದರೆ ಮಾತ್ರ ತಿರುಗುವಷ್ಟು ಬಿಗಿ ಮಾಡಿಸಿ. ಬಿದ್ದಾಗ ಲಿವರ್ ಮುರಿಯುವ ಬದಲು ತಿರುಗಿಕೊಳ್ಳುತ್ತದೆ.

ಸೈಡ್ ಸ್ಟ್ಯಾಂಡಿಗೆ ಅಂಗೈ ಅಗಲದ ಒಂದು ತಗಡಿನ ತುಂಡು ಸಾಕು, ಟ್ಯಾಂಕ್ ಬ್ಯಾಗಿನಲ್ಲಿಟ್ಟುಕೊಳ್ಳಿ. ಇಲ್ಲದಿದ್ದರೆ ಚಪ್ಪಟೆ ಕಲ್ಲು.

ಉತ್ತರ: ಬೆಳ್ತಂಗಡಿ ಸವಾರ

ಟೀಚರ್, ತಪ್ಪು ತಿಳಿಯಬೇಡಿ. ನಾನು ನಿಮ್ಮ ಮನೆಯವರ ಪಕ್ಷ. ನಾನೂ ಆ ಘಾಟಿಯಲ್ಲಿ ಹದಿನೈದು ವರ್ಷ ಓಡಾಡಿದವನು. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮೇಲೆ ರಸ್ತೆಯ ಅಂಚು ಎಷ್ಟು ಕಡೆ ಕಿರಿದಾಯಿತೆಂದು ಕಣ್ಣಾರೆ ಕಂಡಿದ್ದೇನೆ. ನೀವು ಬಿದ್ದದ್ದು ಒಳಬದಿಗೆ. ಅದೇ ಎಡ ತಿರುವಾಗಿದ್ದು, ಹೊರಬದಿಗೆ ಬಿದ್ದಿದ್ದರೆ? ಕಾಲು ನೆಲಕ್ಕೆ ಸಿಗದ ಬೈಕು ಘಾಟಿಗೆ ಬೇಡ. ನನ್ನ ಅಣ್ಣನ ಮೊಣಕಾಲು ಹೀಗೇ ನಿಂತ ಬೈಕಿನ ಅಡಿ ಸಿಕ್ಕಿ ಹೋಯಿತು. ಅವನು ಈಗಲೂ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾನೆ. ಸ್ಕೂಟರ್ ಬೇಡವೆಂದರೆ 110 ಕಿಲೋ ಆಸುಪಾಸಿನ ಒಂದು ಸಾಧಾರಣ ಬೈಕು ಸಾಕು. ಅದನ್ನು ನೀವು ಬಿದ್ದಲ್ಲೇ ಎತ್ತಬಲ್ಲಿರಿ, ಎರಡು ಪಾದವೂ ಊರಬಲ್ಲಿರಿ.

ಉತ್ತರ: ಗುಬ್ಬಿ ಹುಡುಗ

ಅಕ್ಕ, ನಿಮ್ಮ ಆತುರದ ಮಾತು ಓದಿ ನನ್ನದನ್ನೂ ಬರೆಯಬೇಕೆನಿಸಿತು. ನಾನು ಬಿದ್ದದ್ದು ಓಡುತ್ತಿರುವಾಗ. ಆದರೆ ಬಿದ್ದ ಮೇಲೆ ನಾನು ಮಾಡಿದ ತಪ್ಪು ನಿಮ್ಮಂಥದ್ದೇ.

ಜನವರಿ, ಸಂಜೆ ಆರೂವರೆ. ನಮ್ಮ ಕಡೆ ಆಗ ಒಕ್ಕಣೆಯ ಕಾಲ. ರಾಗಿ, ಹುರುಳಿ ಎಲ್ಲವನ್ನೂ ಡಾಂಬರು ರಸ್ತೆಯ ಮೇಲೆ ಹರಡುತ್ತಾರೆ, ವಾಹನಗಳು ತುಳಿದು ಕಾಳು ಉದುರುತ್ತದೆ. ನಾನೂ ರೈತರ ಮನೆಯವನೇ, ಅವರನ್ನು ಬೈಯಲಾರೆ. ಊರಿನ ಕಣಗಳೆಲ್ಲ ಸೈಟುಗಳಾಗಿವೆ, ಕೂಲಿಗೆ ಜನರಿಲ್ಲ. ಆದರೆ ಮುಸ್ಸಂಜೆಯ ಬೆಳಕಿನಲ್ಲಿ ಹುರುಳಿ ಸೊಪ್ಪು ಮತ್ತು ರಸ್ತೆ ಒಂದೇ ಬಣ್ಣ. ಅದರ ಮೇಲೆ ಹತ್ತಿದ ಮೇಲೆ ನನಗೆ ಗೊತ್ತಾಯಿತು, ಬ್ರೇಕ್ ಹಿಡಿದೆ. ಒಣ ಸೊಪ್ಪಿನ ಅಡಿಯಲ್ಲಿ ಕಾಳು ಇರುತ್ತದಲ್ಲ, ಅದು ಗೋಲಿಯ ಹಾಗೆ ಉರುಳುತ್ತದೆ. ಮುಂದಿನ ಚಕ್ರ ಕೈಬಿಟ್ಟು ಹೋಯಿತು. ವೇಗ ಮೂವತ್ತಕ್ಕಿಂತ ಹೆಚ್ಚಿರಲಿಲ್ಲ.

ಬೀಳುವಾಗ ಬಲಗೈ ಊರಿದೆ. ಗ್ಲೌಸ್ ಇರಲಿಲ್ಲ. ಅಂಗೈಯ ಚರ್ಮ ಕಿತ್ತು ಅದರೊಳಗೆ ಹುರುಳಿ ಕಾಳೊಂದು ಕೂತಿತ್ತು. ಒಕ್ಕಣೆಯ ಅಜ್ಜಿ ಓಡಿ ಬಂದು ಸೆರಗಿನಿಂದ ಒರೆಸಿ ಅದನ್ನು ತೆಗೆದರು. “ಏನಾಗಿಲ್ಲ ಅಜ್ಜಿ” ಎಂದು ಎದ್ದು ಬೈಕು ಎತ್ತಿ ಮನೆಗೆ ಹೋದೆ. ಮರುದಿನ ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಕುಳಿಯಲ್ಲಿ, ಒತ್ತಿದರೆ ಪ್ರಾಣ ಹೋಗುವ ನೋವು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಉಳುಕು ಎಂದುಕೊಂಡೆ. ಹನ್ನೆರಡು ದಿನ ಬಿಟ್ಟು ಇನ್ನೊಂದು ಎಕ್ಸ್‌ರೇ ತೆಗೆಸಿದಾಗ ಸ್ಕೇಫಾಯ್ಡ್ ಎಂಬ ಪುಟ್ಟ ಮೂಳೆ ಬಿರಿದದ್ದು ಕಂಡಿತು. ಗೋಡಂಬಿಯಷ್ಟಿರುವ ಆ ಮೂಳೆಗೆ ರಕ್ತ ಬರುವ ದಾರಿ ಕಡಿಮೆ, ಕೂಡಿಕೊಳ್ಳುವುದು ನಿಧಾನ, ಬಿರುಕು ಮೊದಲ ದಿನಗಳಲ್ಲಿ ಚಿತ್ರದಲ್ಲಿ ಕಾಣದೇ ಇರಬಹುದು ಎಂದು ಮೂಳೆ ವೈದ್ಯರು ಹೇಳಿದರು. ಹತ್ತು ವಾರ ಪ್ಲಾಸ್ಟರ್. ಆ ವರ್ಷ ತೆಂಗಿನ ಗೊಬ್ಬರದ ಕೆಲಸಕ್ಕೆ ಅಪ್ಪ ಒಬ್ಬರೇ.

ನೀವೂ ಚಾರ್ಮಾಡಿಯಲ್ಲಿ ಕೈ ಊರಿದ್ದರೆ, ಹೆಬ್ಬೆರಳ ಬುಡವನ್ನು ಒತ್ತಿ ನೋಡಿಕೊಳ್ಳಿ. ತಲೆ ತಾಗಿದ್ದರೆ ಹೆಲ್ಮೆಟ್ ಬದಲಿಸಿ. ಹೊರಗೆ ಗೀರು ಮಾತ್ರ ಕಂಡರೂ ಒಳಗಿನ ಥರ್ಮಾಕೋಲ್ ಒಮ್ಮೆ ಅದುಮಿಕೊಂಡರೆ ಮತ್ತೆ ಉಬ್ಬುವುದಿಲ್ಲ.

ಉತ್ತರ: ಶಿರಸಿ ದಾರಿ

ನಾನು ನಿಮಗಿಂತ ಒಂದು ಅಂಗುಲ ಕುಳ್ಳಿ, ಕ್ಲಾಸಿಕ್ 350 ಓಡಿಸುತ್ತೇನೆ. ದೇವಿಮನೆ ಘಾಟಿಯಲ್ಲಿ ಕುಮಟೆಗೆ ವಾರಕ್ಕೊಮ್ಮೆ ಇಳಿಯುತ್ತೇನೆ. ಬೆಳ್ತಂಗಡಿಯವರ ಕಾಳಜಿ ನಿಜವಾದದ್ದು, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಎರಡೂ ಪಾದ ಊರಲೇಬೇಕೆಂಬ ನಿಯಮವಿಲ್ಲ. ಒಂದು ಪಾದ ಪೂರ್ತಿ ಊರಿದರೆ ಸಾಕು. ಎರಡು ಕಾಲಿನ ಬೆರಳ ತುದಿಯಲ್ಲಿ ನಿಲ್ಲುವುದೇ ನಮ್ಮಂಥವರು ಬೀಳಲು ಕಾರಣ. ನಿಲ್ಲುವ ಮುನ್ನ ಸೀಟಿನ ಮೇಲೆ ಸೊಂಟವನ್ನು ಎಡಕ್ಕೆ ಒಂದು ಗೇಣು ಸರಿಸಿ. ಎಡಪಾದ ಹಿಮ್ಮಡಿಯವರೆಗೂ ನೆಲಕ್ಕೆ ಕೂರುತ್ತದೆ, ಬಲಗಾಲು ಹಿಂದಿನ ಬ್ರೇಕಿನ ಮೇಲೇ ಉಳಿಯುತ್ತದೆ. ಬಲಗಾಲು ಇಳಿಸಿದ ಕ್ಷಣ ನಿಮಗೆ ಹಿಂದಿನ ಬ್ರೇಕ್ ಇಲ್ಲ, ಮುಂದಿನದೊಂದೇ. ಅದೂ ಹ್ಯಾಂಡಲ್ ತಿರುಗಿರುವಾಗ. ನಿಮ್ಮ ಮೊದಲನೆಯ ಮತ್ತು ಮೂರನೆಯ ಬೀಳುವಿಕೆ ಎರಡರಲ್ಲೂ ಹ್ಯಾಂಡಲ್ ತಿರುಗಿತ್ತು. ಕೊನೆಯ ಹತ್ತು ಅಡಿಯಲ್ಲಿ ಮುಂದಿನ ಬ್ರೇಕ್ ಬಿಡಿ, ಹ್ಯಾಂಡಲ್ ನೆಟ್ಟಗೆ ಮಾಡಿ, ಹಿಂದಿನ ಬ್ರೇಕಿನಲ್ಲಿ ನಿಲ್ಲಿ. ತಿರುವಿನ ಕಡೆಗೆ ಮುಖ ಮಾಡದೆ ಗುಡ್ಡದ ಕಡೆಗೆ ನೆಟ್ಟಗೆ ನಿಂತರೂ ಪರವಾಗಿಲ್ಲ.

ಅದಕ್ಕಿಂತ ಮುಖ್ಯ, ತಿರುವಿನೊಳಗೆ ನಿಲ್ಲುವ ಪರಿಸ್ಥಿತಿಯನ್ನೇ ತಂದುಕೊಳ್ಳಬೇಡಿ. ಘಾಟಿಯಲ್ಲಿ ಹತ್ತುವ ವಾಹನಕ್ಕೆ ಮೊದಲ ಹಕ್ಕು, ನಿಯಮವೂ ಅದೇ ಹೇಳುತ್ತದೆ. ಪ್ರತಿ ಹೇರ್‌ಪಿನ್‌ಗೂ ಮೊದಲು, ಇನ್ನೂ ನೆಟ್ಟಗಿನ ರಸ್ತೆಯಲ್ಲಿರುವಾಗಲೇ ಕೆಳಗಿನ ಸುತ್ತನ್ನು ಕಣ್ಣಿನಿಂದ ಹುಡುಕಿ. ಮರಗಳ ನಡುವೆ ಬಸ್ಸಿನ ಬಣ್ಣ ಕಂಡರೆ, ಗೇರ್ ಇಳಿಸುವ ಸದ್ದು ಕೇಳಿದರೆ, ಅಲ್ಲೇ ಮೇಲೆ, ಸಮತಟ್ಟಾದ ಕಡೆ ನಿಂತುಬಿಡಿ. ಹಿಂದಿನವರು ಹಾರ್ನ್ ಹೊಡೆಯಲಿ. ಮಂಜಿನಲ್ಲಿ ಏನೂ ಕಾಣದಾಗ ನೀವೇ ಹಾರ್ನ್ ಹೊಡೆದು ಒಂದು ಕ್ಷಣ ಕಿವಿಗೊಡಿ.

ಸೀಟಿನ ಫೋಮನ್ನು ಕುಶನ್ ಅಂಗಡಿಯಲ್ಲಿ ಮುಂಭಾಗಕ್ಕೆ ಮಾತ್ರ ಒಂದು ಅಂಗುಲ ಕೊಯ್ಯಿಸಿ, ಎರಡೂ ಬದಿ ಕಿರಿದು ಮಾಡಿಸಿ. ಎತ್ತರಕ್ಕಿಂತ ಅಗಲ ನಮ್ಮ ಕಾಲನ್ನು ಹೆಚ್ಚು ತಡೆಯುತ್ತದೆ. ಕೊನೆಗೂ ಅದು ವಾಲಿಯೇಬಿಟ್ಟರೆ, ಕಾಲೊಡ್ಡಿ ಹಿಡಿಯಲು ಹೋಗಬೇಡಿ. ಬಿಟ್ಟು ಪಕ್ಕಕ್ಕೆ ಹಾರಿ. ಇಂಡಿಕೇಟರ್ ಅಂಗಡಿಯಲ್ಲಿ ಸಿಗುತ್ತದೆ. ಇನ್ಶೂರೆನ್ಸ್ ಕ್ಲೇಮ್ ಮಾಡುವ ಮುನ್ನವೂ ಲೆಕ್ಕ ಹಾಕಿ. ಐದು ವರ್ಷ ಕ್ಲೇಮ್ ಇಲ್ಲದವರಿಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ 50 ಶೇಕಡಾ ರಿಯಾಯಿತಿ ಇರುತ್ತದೆ, ಒಂದು ಪೆಡಲಿಗಾಗಿ ಅದು ಹೋಗುತ್ತದೆ.

ಪ್ರಶ್ನೆ ಕೇಳಿದವರು: ಮೂಡಿಗೆರೆ ಗಣಿತ ಟೀಚರ್

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಸೊಂಟದ ವೈದ್ಯರು ಒಪ್ಪಿಗೆ ಕೊಡುವವರೆಗೆ ಕಾದೆ.

ಪೆಡಲ್ ಹೊಸದು, ಬ್ರೇಕ್ ಆಯಿಲ್ ಹೊಸದು. ಹಳೆಯ ಆಯಿಲ್ ಕಾಫಿ ಕಷಾಯದ ಬಣ್ಣಕ್ಕೆ ತಿರುಗಿತ್ತು. ಸೀಟನ್ನು ಚಿಕ್ಕಮಗಳೂರಿನಲ್ಲಿ ಕೊಯ್ಯಿಸಿ ತಂದೆ. ಅಗಲದ ಮಾತು ಎಷ್ಟು ನಿಜವೆಂದು ಕೂತ ಕೂಡಲೇ ತಿಳಿಯಿತು.

ಕಳೆದ ಭಾನುವಾರ ಶಾಲೆಯ ಮೈದಾನದಲ್ಲಿ ಕಾಫಿ ಹೊಟ್ಟು ತುಂಬಿದ ಮೂರು ಗೋಣಿಚೀಲ ಹಾಸಿ, ಬೈಕನ್ನು ನಿಧಾನವಾಗಿ ಅದರ ಮೇಲೆ ಬಲಕ್ಕೆ ಮಲಗಿಸಿದೆವು. ನಮ್ಮ ಮನೆಯವರು ಮತ್ತು ಪಿ.ಟಿ. ಮೇಷ್ಟ್ರು ಇಬ್ಬರೂ ಪಕ್ಕದಲ್ಲಿ ನಿಂತಿದ್ದರು, ಕೈ ಹಚ್ಚಬಾರದೆಂದು ಮೊದಲೇ ಹೇಳಿದ್ದೆ. ಮೂರು ಸಲ ಆಗಲಿಲ್ಲ. ನಾನು ಕೈಯಿಂದಲೇ ಎಳೆಯುತ್ತಿದ್ದೆ, ಭುಜ ಮೇಲೇರುತ್ತಿತ್ತು. ಪಿ.ಟಿ. ಮೇಷ್ಟ್ರು ಅದನ್ನು ಕಂಡು, “ಟೀಚರ್, ಕೈಗಳನ್ನು ಹಗ್ಗ ಎಂದುಕೊಳ್ಳಿ, ಹಗ್ಗ ಎಳೆಯುವುದಿಲ್ಲ, ಕಟ್ಟಿಕೊಂಡಿರುತ್ತದೆ ಅಷ್ಟೆ” ಎಂದರು. ನಾಲ್ಕನೇ ಸಲ ಕೈ ಸಡಿಲ ಬಿಟ್ಟು ಹಿಮ್ಮಡಿ ಒತ್ತಿದೆ. ಗಾರ್ಡ್ ಗೋಣಿಚೀಲದಿಂದ ಕಳಚಿಕೊಂಡ ಸದ್ದು ಕೇಳಿಸಿತು, ಆಮೇಲೆ ಹೆಜ್ಜೆ, ಹೆಜ್ಜೆ, ಆರು ಹೆಜ್ಜೆಗೆ ಬೈಕು ಸ್ಟ್ಯಾಂಡಿಗೆ ಒರಗಿತು. ಸೊಂಟಕ್ಕೆ ಏನೂ ಆಗಲಿಲ್ಲ, ತೊಡೆ ಮಾತ್ರ ಎರಡು ದಿನ ನೋಯಿತು. ಮತ್ತೆ ಎರಡು ಸಲ ಎತ್ತಿದೆ. ಎಡಕ್ಕೆ ಮಲಗಿಸಿ ಬ್ರೇಕ್ ಲಿವರಿಗೆ ಹಳೆಯ ದುಪಟ್ಟಾದ ಪಟ್ಟಿ ಕಟ್ಟಿ ಒಮ್ಮೆ ಎತ್ತಿದೆ.

ಬೆಳ್ತಂಗಡಿಯವರೇ, ನಿಮ್ಮ ಅಣ್ಣನ ವಿಷಯ ಓದಿ ಒಂದು ರಾತ್ರಿ ನಿದ್ರೆ ಬರಲಿಲ್ಲ. ಮಾರಬೇಕೆಂದು ನಿರ್ಧರಿಸಿಯೂ ಇದ್ದೆ. ನಾಲ್ಕನೇ ಸಲ ಎತ್ತಿದ ಮೇಲೆ ನಮ್ಮ ಮನೆಯವರೇ ಆ ಮಾತು ಬಿಟ್ಟರು. ಜೂನ್‌ನಿಂದ ಆಗಸ್ಟ್‌ವರೆಗೆ ಚಾರ್ಮಾಡಿಗೆ ಬೈಕು ಒಯ್ಯುವುದಿಲ್ಲ, ಬಸ್ಸಿನಲ್ಲಿ ಹೋಗುತ್ತೇನೆ ಎಂದು ಅವರಿಗೆ ಮಾತು ಕೊಟ್ಟಿದ್ದೇನೆ. ಗುಬ್ಬಿಯ ತಮ್ಮ, ಹೆಬ್ಬೆರಳ ಬುಡ ಒತ್ತಿ ನೋಡಿದೆ, ನೋವಿಲ್ಲ. ಗ್ಲೌಸ್ ಕೊಂಡೆ. ನಿಮ್ಮ ಕೈ ಈಗ ಪೂರ್ತಿ ತಿರುಗುತ್ತದೆಯೇ?

ಮೊನ್ನೆ ಅದೇ ತಿರುವಿಗೆ ಹೋದೆ. ಮೇಲೆಯೇ ನಿಂತು ಮೂರು ವಾಹನ ಹತ್ತಲು ಬಿಟ್ಟೆ. ಹಿಂದೆ ಹಾರ್ನ್ ಇತ್ತು, ಇರಲಿ ಎಂದು ಬಿಟ್ಟೆ. ಒಂದೇ ಸಂಶಯ ಉಳಿದಿದೆ. 50ರ ವೇಗದಲ್ಲಿ ಹಿಡಿ ಸಡಿಲಿಸಿದರೆ ಹ್ಯಾಂಡಲ್ ತುಸು ಎಡಕ್ಕೆ ಎಳೆಯುತ್ತದೆ. ಇದು ಮೊದಲು ಇರಲಿಲ್ಲ. ಹಾಸನದ ಯಜಮಾನರೇ, ಇದು ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬುಡದ ಬೇರಿಂಗ್, ಇರಬಹುದೇ?

ಉತ್ತರ: ಹಾಸನದ ಹಳೆ ಗ್ಯಾರೇಜ್

ಟೀಚರಮ್ಮ, ಸಂತೋಷವಾಯಿತು. ಮೇನ್ ಸ್ಟ್ಯಾಂಡ್ ಹಾಕಿ, ಯಾರಾದರೂ ಹಿಂದೆ ಅದುಮಿ ಮುಂದಿನ ಚಕ್ರ ಗಾಳಿಯಲ್ಲಿ ನಿಲ್ಲುವಂತೆ ಮಾಡಲಿ. ಎರಡು ಬೆರಳಿನಿಂದ ಹ್ಯಾಂಡಲನ್ನು ಈ ಕಡೆಯಿಂದ ಆ ಕಡೆಗೆ ನಿಧಾನವಾಗಿ ತಿರುಗಿಸಿ. ನಡುವೆ ಒಂದು ಕಡೆ ಕಚ್ಚಿದ ಹಾಗೆ ನಿಂತರೆ ಕೋನ್ ಸೆಟ್. ಬೆಣ್ಣೆಯ ಹಾಗೆ ತಿರುಗಿದರೆ ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ತನ್ನ ಕ್ಲ್ಯಾಂಪಿನಲ್ಲಿ ತಿರುಚಿಕೊಂಡಿದೆ, ಬೋಲ್ಟ್ ಸಡಿಲಿಸಿ ಸರಿಮಾಡಬಹುದು, ಸಾಮಾನು ಬದಲಿಸುವ ಖರ್ಚಿಲ್ಲ. ಆ ಪರೀಕ್ಷೆಯಾಗುವವರೆಗೆ ವೇಗವಾಗಿ ಓಡಿಸಬೇಡಿ. ಗ್ಯಾರೇಜ್ ಈಗ ಮಗ ನಡೆಸುತ್ತಾನೆ, ಭಾನುವಾರ ನಾನೂ ಇರುತ್ತೇನೆ. ಬರುವುದಾದರೆ ಬೆಳಿಗ್ಗೆ ಹತ್ತರೊಳಗೆ ಬನ್ನಿ, ಆಮೇಲೆ ಜನ ಹೆಚ್ಚು.